ಅರ್ಮಾನನ ಟೊಪ್ಪಿ

ಶವಪೆಟ್ಟಿಗೆಯ ಮೇಲೆ ಊರಿನ ಬಾವುಟ ಹೊದಿಸಿ ಸುಕ್ಕು ನೀವುತ್ತಾ ಹರ್ಮೆನ್ ಕೇಳಿದ: "ಟೊಪ್ಪಿ ಎಲ್ಲಿ ಡೀನಾ? ಇದರ ಮೇಲೆ ಇಡ್ಬೇಕಂತೆ. ಮೇಯರ್ ಹೇಳಿ ಕಳ್ಸಿದಾರೆ. ಹೊರಗೆ ಫೋಟೋದವರು ಕಾಯ್ತಿದಾರೆ."

ಡೀನಾ ತಲೆಗೆ ಕಪ್ಪು ವಸ್ತ್ರ ಬಿಗಿದು ಗಂಡ ಅರ್ಮಾನನ ಕಾಲ ಕಡೆ ಕೂತಿದ್ದಳು.

ಹರ್ಮೆನ್ ಪಕ್ಕದ ಮನೆಯ ಕ್ಷೌರಿಕ. ಹಾಲೆಂಡಿನ ಈ ಕಡೆ ಹೆಣಕ್ಕೆ ಹೆಗಲು ಕೊಡುವವರು ನೆಂಟರಲ್ಲ, ನೆರೆಯವರು. ಕಾಫಿ ಕಾಯಿಸುವುದೂ ಅವರೇ. ಅಡುಗೆಮನೆಯಲ್ಲಿ ಇಬ್ಬರು ಹೆಂಗಸರ ಬಾಯಿಗೆ ಬೀಗವಿರಲಿಲ್ಲ.

"ಒಬ್ನೇ ನುಗ್ಗಿ ಇಡೀ ಊರನ್ನ ಜರ್ಮನರಿಂದ ಬಿಡಿಸ್ದ ಪುಣ್ಯಾತ್ಮ. ಅಂಥೋನು ಕಟ್ಕೊಂಡಿದ್ದು ಇವ್ಳನ್ನ!"

"ಮೆತ್ತಗೆ ಹೇಳೇ, ಕೇಳ್ಸುತ್ತೆ."

"ಕೇಳ್ಲಿ ಬಿಡು. ಹೊಸದೇನಲ್ವಲ್ಲ."

ಹೊಸದೇನೂ ಆಗಿರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಬಿಡುಗಡೆಯ ಔತಣಕ್ಕೆ ಊರು ಅರ್ಮಾನನನ್ನು ಕರೆಯುತ್ತಿತ್ತು, ಅವನೊಬ್ಬನನ್ನೇ. ಅವನು ಹೋಗುತ್ತಿರಲಿಲ್ಲ. ಆ ದಿನವೂ ಚೀಲ ಹೆಗಲಿಗೇರಿಸಿ ಯಾರದೋ ಮನೆಯ ನಲ್ಲಿ ರಿಪೇರಿಗೆ ಹೊರಡುತ್ತಿದ್ದ. ಅರ್ಮಾನ್ ಮತ್ತು ಡೀನಾಳ ಮಗು ತೀರಿಕೊಂಡಾಗ ಒಬ್ಬ ನೆರೆಯವನೂ ಬಾಗಿಲು ತೆರೆಯಲಿಲ್ಲ. ಆ ಪುಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅರ್ಮಾನ್ ಒಬ್ಬನೇ ಸ್ಮಶಾನಕ್ಕೆ ನಡೆದಿದ್ದ.

* * *

ಮಹಾಯುದ್ಧದ ಕೊನೆಯ ಏಪ್ರಿಲ್‌ನಲ್ಲಿ, ಕೆನಡಾದ ಸಿಪಾಯಿಯಾಗಿದ್ದ ಅರ್ಮಾನನಿಗೆ ಒಪ್ಪಿಸಿದ್ದು ಊರು ಹಿಡಿದಿದ್ದ ಜರ್ಮನರ ಬಲ ನೋಡಿಕೊಂಡು ಬರುವ ಕೆಲಸ ಮಾತ್ರ. ಬೆಳಗಾದರೆ ತನ್ನವರೇ ಊರಿನ ಮೇಲೆ ಫಿರಂಗಿ ಹಾರಿಸುತ್ತಾರೆಂದು ಅವನಿಗೆ ಗೊತ್ತಿತ್ತು. ಹಿಂದಿರುಗದೆ ಜರ್ಮನರದೇ ಲಾರಿ ಕದ್ದು, ದೀಪ ಆರಿಸಿ, ದಿಕ್ಕುದಿಕ್ಕಿನಿಂದ ಗುಂಡು ಹಾರಿಸುತ್ತಾ ರಾತ್ರಿಯೆಲ್ಲ ಊರ ಸುತ್ತ ಸುತ್ತಿದ. ದೊಡ್ಡ ಸೈನ್ಯವೇ ಬಂತೆಂದು ಹೆದರಿ ಅವರು ಕಾಲಿಗೆ ಬುದ್ಧಿ ಹೇಳಿದರು. ಅವನು ಚರ್ಚಿನ ಗಂಟೆ ಬಾರಿಸಿ, ಅಲ್ಲೇ ಮೆಟ್ಟಿಲ ಮೇಲೆ ನಿದ್ದೆ ಹೋದ.

ಸ್ವಾತಂತ್ರ್ಯ ಸಿಕ್ಕ ಊರು ಮೊದಲು ಕುಣಿಯಿತು. ಆಮೇಲೆ ಡೀನಾಳನ್ನು ಹುಡುಕಿತು. ಹಸಿದ ತಾಯಿಗಾಗಿ ಅವಳು ಜರ್ಮನರ ಅಡುಗೆಮನೆಯಲ್ಲಿ ಆಲೂಗೆಡ್ಡೆ ಸಿಪ್ಪೆ ಸುಲಿದಿದ್ದಳು. ಅವಳನ್ನು ಚೌಕಕ್ಕೆ ಎಳೆತಂದು ಕುರ್ಚಿಯ ಮೇಲೆ ಕೂರಿಸಿದರು. ಶತ್ರುವಿನ ಚಾಕರಿ ಮಾಡಿದವಳೆಂದು ತಲೆ ಬೋಳಿಸಲು ಕತ್ತರಿ ಹಿಡಿದವನು ಹರ್ಮೆನ್.

ಕೇಕೆಗೆ ಎಚ್ಚೆತ್ತ ಅರ್ಮಾನ್ ಗುಂಪನ್ನು ಸೀಳಿ ಬಂದ. ತನ್ನ ಟೊಪ್ಪಿ ತೆಗೆದು ಅವಳ ರಕ್ತ ಸೋರುವ ಬೋಳುತಲೆಗೆ ಇಟ್ಟ. ಸುತ್ತಲಿದ್ದವರನ್ನು ತನ್ನ ಭಾಷೆಯಲ್ಲಿ ಏನೋ ಬೈದ. ಅವರಿಗೆ ಅರ್ಥವಾಗಲಿಲ್ಲ, ಬೇಕಾಗಿಯೂ ಇರಲಿಲ್ಲ.

* * *

"ಟೊಪ್ಪಿ ಊರಿನ ಆಸ್ತಿ ಡೀನಾ. ನಾಳೆ ಮ್ಯೂಸಿಯಂನಲ್ಲಿ ಗಾಜಿನೊಳಗೆ ಇಡ್ತಾರೆ."

"ಊರದ್ದಲ್ಲ, ನಂದು. ಇವ್ರು ನಂಗೆ ಯಾವತ್ತು ಕೊಟ್ರು ಅಂತ ನಿಂಗೆ ನೆನಪಿರ್ಬೇಕಲ್ಲ, ಹರ್ಮೆನ್. ನೀನು ಪಕ್ಕದಲ್ಲೇ ನಿಂತಿದ್ದೆ."

ಹರ್ಮೆನ್ ಬಾವುಟದ ಅಂಚನ್ನು ಮತ್ತೆ ಸರಿಪಡಿಸಿದ. "ಕಾಲವೇ ಹಾಗಿತ್ತು. ಈಗ ಹೆಗಲು ಕೊಡೋಕೆ ಬಂದಿಲ್ವಾ?"

"ಮಗು ಹೋದಾಗ ಎಲ್ಲಿತ್ತು ಈ ಹೆಗಲು?" ಡೀನಾ ಎದ್ದು ಬಾಗಿಲಲ್ಲಿದ್ದ ನೆರೆಯವರಿಗೆ ಹೇಳಿದಳು: "ಎತ್ತಿ. ತಡ ಆಗ್ತಿದೆ."

ಪೆಟ್ಟಿಗೆ ಹೊಸಿಲು ದಾಟಿತು. ಹಿಂದೆಯೇ ಬಂದ ಡೀನಾಳ ತಲೆಯಲ್ಲಿ ಕಪ್ಪು ವಸ್ತ್ರವಿರಲಿಲ್ಲ. ಬಿಳಿಗೂದಲ ಮೇಲೆ ನುಸಿ ತಿಂದ ಖಾಕಿ ಟೊಪ್ಪಿಯಿತ್ತು. ಫೋಟೋದವರು ಕ್ಯಾಮೆರಾ ಎತ್ತಿದರು, ಮೇಯರ್ ಬೇಡವೆಂದು ಕೈಯಾಡಿಸಿದ.

ಹೆಣ ಬರುವಾಗಿನ ರೂಢಿಯಂತೆ ಬೀದಿಯ ಗಂಡಸರೆಲ್ಲ ಟೊಪ್ಪಿ ತೆಗೆದು ನಿಂತರು. ಪೆಟ್ಟಿಗೆಯ ಮುಂದಿನ ಮೂಲೆ ಹೊತ್ತ ಹರ್ಮೆನ್‌ನ ಬೋಳುತಲೆ ಬಿಸಿಲಿಗೆ ಬೆವರುತ್ತಿತ್ತು. ಡೀನಾ ಮಾತ್ರ ಟೊಪ್ಪಿ ತೆಗೆಯಲಿಲ್ಲ.