ಕುಪ್ಪೆಮೇಡಿನ ಹೊಗೆಗೆ ಯಾರನ್ನು ಕೇಳುವುದು?

ಚೆನ್ನೈಯ ಮಾಧವರಂನಲ್ಲಿ ಕಿಟ್ಟಣ್ಣನ ಹೋಟೆಲ್ ಯಾರಿಗೆ ಗೊತ್ತಿಲ್ಲ? ಬಸ್ಸಿಳಿದವರು ಕಾಫಿಗೆ ಮೊದಲು ಅಲ್ಲಿಗೇ ಬರುತ್ತಾರೆ. ಆದರೆ ಗಾಳಿ ಕುಪ್ಪೆಮೇಡಿನ ಕಡೆಯಿಂದ ಬೀಸಿದ ದಿನ ಹೋಟೆಲ್ ಖಾಲಿ. ಕುಪ್ಪೆಮೇಡು ಎಂದರೆ ಊರ ಕಸವೆಲ್ಲ ಬಂದು ಬೀಳುವ ಗುಡ್ಡ. ಬೇಸಿಗೆಯಲ್ಲಿ ಎಲ್ಲಿಂದಲೋ ಕಿಡಿ ತಾಗಿ ಹೊತ್ತಿಕೊಂಡರೆ ದಿನಗಟ್ಟಲೆ ಹೊಗೆಯಾಡುತ್ತದೆ.

ಗಿರಾಕಿ ಹೋದರೆ ಹೋಗಲಿ, ನಾಳೆ ಬಂದಾರು. ಕಿಟ್ಟಣ್ಣನ ಹೆಂಡತಿ ಗುಣವತಿಯ ಸಂಕಟ ಬೇರೆಯದೇ. ಕಳೆದ ಬೇಸಿಗೆಯ ಹೊಗೆಯಲ್ಲಿ ಮಗಳು ವೀಕ್ಷಾಳಿಗೆ ಉಬ್ಬಸ ಶುರುವಾಯಿತು. ಸ್ವಲ್ಪ ಕಾಲ ಬೇರೆ ಕಡೆ ಇಡಿ ಎಂದರು ಡಾಕ್ಟರು. ಕರಾವಳಿಯ ಕಾಪುವಿನ ಅಜ್ಜಿ ಮನೆಗೆ ಕಳಿಸಿ, ಅಲ್ಲಿಯ ಶಾಲೆಗೇ ಸೇರಿಸಿದ್ದಾಯಿತು. ಚೆನ್ನೈಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಫೋನಿನಲ್ಲಿ ತಮಿಳಿನಲ್ಲೇ ಕೇಳುತ್ತಾಳೆ: "ಪೊಗೈ ಪೋಯಿಡ್ಚಾಮ್ಮಾ?" ಹೊಗೆ ಹೋಯಿತಾ ಅಂತ. ಏನು ಹೇಳಬೇಕೋ ಗುಣವತಿಗೆ ತಿಳಿಯದು. ಆ ಹೊಗೆಗೆ ಯಾರನ್ನು ಕೇಳಬೇಕು ಎಂಬುದೂ ತಿಳಿಯದು.

ಹೀಗಿರುವಾಗ ಒಂದು ಮಧ್ಯಾಹ್ನ, ಊಟದ ಗದ್ದಲದ ನಡುವೆ, ಯಾರೋ ಬಂದು ಗಲ್ಲಾದ ಮೇಲೆ ಎರಡು ಕಾಗದ ಇಟ್ಟು ಹೋದರು. ಒಂದು ತಮಿಳಿನದು, ಒಂದು ಇಂಗ್ಲಿಷಿನದು. ಕಿಟ್ಟಣ್ಣ ತಮಿಳನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾನೆ, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಕಲ್ಯಾಣ ಮಂಟಪ, ಶನಿವಾರ ಬೆಳಿಗ್ಗೆ, ಕೂಟ. ಇಷ್ಟು ಕಂಡದ್ದೇ ಸಾಕಾಯಿತು. ಹೋಟೆಲಿನವನ ಕಣ್ಣಿಗೆ ಜಗತ್ತೆಲ್ಲ ಆರ್ಡರ್.

"ಶುಕ್ರವಾರ ರಾತ್ರಿ ಉದ್ದು ಜಾಸ್ತಿ ನೆನೆ ಹಾಕು ಮಾರಾಯ್ತಿ. ಶನಿವಾರ ಮಂಟಪಕ್ಕೆ ವಡೆ, ಕೇಸರಿಬಾತು ಹೋಗ್ಲಿಕ್ಕುಂಟು," ಎಂದ.

"ಎಷ್ಟು ಜನಕ್ಕೆ?"

"ಅದೊಂದು ಬರೆದಿಲ್ಲ."

ಅಷ್ಟರಲ್ಲಿ ಪಾವನಾ ಊಟಕ್ಕೆ ಬಂದಳು. ಮೈಸೂರಿನವಳು, ಇಲ್ಲೇ ಹತ್ತಿರದ ಮಣಲಿಯ ಕಂಪನಿಯೊಂದರಲ್ಲಿ ಎಂಜಿನಿಯರ್. ನಾಲ್ಕು ಮಾತು ಕನ್ನಡ ಆಡಲೆಂದೇ ರಜೆಯ ದಿನ ಇಲ್ಲಿ ಉಣ್ಣುತ್ತಾಳೆ. ತಮಿಳು ಓದಲೂ ಕಲಿತಿದ್ದಾಳೆ. ಎರಡೂ ಕಾಗದ ನೋಡಿ ಅವಳಿಗೆ ನಗು ತಡೆಯಲಿಲ್ಲ.

"ಇದು ಆರ್ಡರ್ ಅಲ್ಲ ಕಿಟ್ಟಣ್ಣ. ನಿಮ್ಮ ಅಭಿಪ್ರಾಯ ಕೇಳೋಕೆ ಕರೆದಿದಾರೆ. ಮೀಥೇನ್ ಅನ್ನೋ ಗ್ಯಾಸ್ ಬಗ್ಗೆ ಹೊಸ ನಿಯಮ ಬರತ್ತಂತೆ. ಇನ್ನೂ ಕರಡು, ಗಟ್ಟಿ ಆಗಿಲ್ಲ."

"ನಮ್ಮದು ಸಿಲಿಂಡರ್ ಗ್ಯಾಸ್. ಎಲ್ಲಿಯೂ ಲೀಕ್ ಇಲ್ಲ."

"ಸಿಲಿಂಡರ್ ಮಾತಲ್ಲ. ನಿಮ್ಮ ಎಂಜಲೆಲೆ, ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲಿಗೆ ಹೋಗತ್ತೆ?"

"ಲಾರಿಗೆ."

"ಲಾರಿ ಎಲ್ಲಿಗೆ ಹೋಗತ್ತೆ?"

ಸಾರು ಬಡಿಸುತ್ತಿದ್ದ ಗುಣವತಿಯ ಕೈ ನಿಂತಿತು. "ಕುಪ್ಪೆಮೇಡಿಗೆ," ಎಂದಳು.

"ಅಲ್ಲಿ ರಾಶಿ ಕೆಳಗೆ ಗಾಳಿ ಸಿಗದೆ ಕೊಳೆಯುತ್ತಲ್ಲ, ಆಗ ಹುಟ್ಟೋದೇ ಮೀಥೇನ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮಗೆ ನಾರೋದು ಬೇರೆ ಗ್ಯಾಸುಗಳು. ಕಿಡಿ ಬಿದ್ರೆ ಇದು ಹೊತ್ತಿಕೊಳ್ಳತ್ತೆ, ಬೆಂಕಿ ಬೇಗ ಆರೋಕೂ ಬಿಡಲ್ಲ. ಉರೀದೆ ಸುಮ್ಮನೆ ಮೇಲೆ ಹೋದ್ರೂ, ತಪಲೆಗೆ ಮುಚ್ಚಳ ಹಾಕಿದ ಹಾಗೆ ಭೂಮಿಯ ಶಾಖ ಹಿಡಿದಿಡತ್ತೆ."

ತಾನು ಹಾಕಿದ ಎಲೆಗೂ ಮಗಳ ಉಬ್ಬಸಕ್ಕೂ ನಂಟುಂಟೆಂದು ಗುಣವತಿ ಕನಸಿನಲ್ಲೂ ಎಣಿಸಿರಲಿಲ್ಲ.

"ಸರಿ, ಎರಡು ಕಾಗದ ಎಂತಕ್ಕೆ?" ಎಂದು ಕೇಳಿದಳು.

"ಒಂದು ದಿಲ್ಲಿಯದು, ಒಂದು ರಾಜ್ಯದ್ದು."

"ಒಂದೇ ಹೊಗೆಗೆ ಇಬ್ಬರು ಯಜಮಾನರಾ?"

"ನನಗೂ ಮೊದಲು ತಲೆಬುಡ ತಿಳೀಲಿಲ್ಲ ಅಕ್ಕ. ದಿಲ್ಲಿಯವರು ಇಡೀ ದೇಶಕ್ಕೆ ಒಂದು ಮಿತಿ ಹಾಕ್ತಾರೆ. ಅದಕ್ಕಿಂತ ಸಡಿಲ ಆಗದ ಹಾಗೆ ರಾಜ್ಯದವರು ತಮ್ಮದೇ ನಿಯಮ ಮಾಡಿದ್ರೆ ಇಲ್ಲಿ ರಾಜ್ಯದ್ದು ನಡೆಯತ್ತೆ. ಇಲ್ಲಾಂದ್ರೆ ದಿಲ್ಲೀದು."

"ಈಗ ಯಾರದ್ದು ನಡೆಯುವುದು?"

"ಅದಿನ್ನೂ ತೀರ್ಮಾನ ಆಗಿಲ್ಲ. ಅದಕ್ಕೇ ಜನರನ್ನ ಕೇಳ್ತಾ ಇರೋದು."

ಕಿಟ್ಟಣ್ಣ ಕಾಗದ ಮಡಚಿ ಬದಿಗಿಟ್ಟ. "ನಾವು ಹೋಗಿ ಬಾಯಿ ಬಿಟ್ಟರೆ ನಾಳೆ ಇನ್ಸ್‌ಪೆಕ್ಟರ್ ನಮ್ಮ ಬಾಗಿಲಿಗೇ ಬರುವುದು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ದೊಡ್ಡವರ ವಿಷಯ ದೊಡ್ಡವರಿಗಿರಲಿ."

"ಮಗಳನ್ನು ಕರ್ಕೊಂಡು ಬರುವುದೂ ದೊಡ್ಡವರೇಯಾ?" ಎಂದಳು ಗುಣವತಿ.

ಶನಿವಾರ ಬೆಳಿಗ್ಗೆ ಕಿಟ್ಟಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವಳಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದ.

ಮಂಟಪದಲ್ಲಿ ಒಂದೇ ಮೇಜಿನ ಹಿಂದೆ ದಿಲ್ಲಿಯ ಅಧಿಕಾರಿಯೂ ರಾಜ್ಯದ ಅಧಿಕಾರಿಯೂ ಕೂತಿದ್ದರು. ಪರದೆಯ ಮೇಲೆ ಏನೇನೋ ಗೆರೆಗಳು ಬಂದು ಹೋದವು. ಗುಣವತಿಗೆ ಅರ್ಥವಾದದ್ದಕ್ಕಿಂತ ಆಗದ್ದೇ ಹೆಚ್ಚು. ಪಕ್ಕದವರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕಡೆಗೆ ಧೈರ್ಯ ಮಾಡಿ ಎದ್ದು, ತನಗೆ ಬಂದ ತಮಿಳಿನಲ್ಲಿ ಕೇಳಿದಳು: "ಸಾರ್, ಇನ್ನೊಮ್ಮೆ ಹೊತ್ತಿಕೊಂಡರೆ ನಾನು ಯಾರಿಗೆ ಫೋನ್ ಮಾಡಬೇಕು?"

ದಿಲ್ಲಿಯವರು, "ಕಸ ರಾಜ್ಯದ ಜವಾಬ್ದಾರಿಯಮ್ಮ," ಎಂದರು. ರಾಜ್ಯದವರು, "ನಮ್ಮ ನಿಯಮ ಸಾಕೋ ಸಾಲದೋ ಎಂದು ದಿಲ್ಲಿಯವರು ಮೊದಲು ಹೇಳಬೇಕು," ಎಂದರು.

ಈ ರಾಗ ಗುಣವತಿಗೆ ಹೊಸದಲ್ಲ. ಸಾಂಬಾರಿಗೆ ಉಪ್ಪು ಕಡಿಮೆ ಎಂದು ಗಿರಾಕಿ ಹೇಳಿದರೆ ಸಪ್ಲೈಯರ್ ಅಡುಗೆಮನೆಯ ಕಡೆ ಕೈ ತೋರಿಸುತ್ತಾನೆ. ಅಡುಗೆ ಭಟ್ಟರು, ಬಡಿಸುವ ಮೊದಲು ಅವನು ಬಕೆಟ್ ಕಲಕಲಿಲ್ಲ ಎನ್ನುತ್ತಾರೆ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಊರಿಗೆಲ್ಲ ಸರಿ, ಗುಣವತಿಯ ಹೋಟೆಲಿಗಲ್ಲ. ಅಲ್ಲಿ ದೂರು ಬಂದರೆ ಇಬ್ಬರೂ ಗಿರಾಕಿಯ ಮುಂದೆ ಬಂದು ನಿಲ್ಲಬೇಕು. ತಪ್ಪು ಯಾರದೆಂದು ಆಮೇಲೆ ಒಳಗೆ ಜಗಳಾಡಿಕೊಳ್ಳಲಿ.

ಅವಳು ಅದನ್ನೇ ಹೇಳಿದಳು. "ನಾವು ತಿನ್ನುವವರು ಸಾರ್. ಬೇಯಿಸಿದವರು ಯಾರು, ಬಡಿಸಿದವರು ಯಾರು ಎಂದು ಹುಡುಕುವುದು ನಮ್ಮ ಕೆಲಸವಲ್ಲ. ಯಾರಿಗೆ ದೂರು ಕೊಟ್ಟರೂ ಇಬ್ಬರಿಗೂ ತಲುಪಬೇಕು. ಅದನ್ನು ಇಬ್ಬರ ನಿಯಮದಲ್ಲೂ ಬರೆಯಿರಿ. ನನ್ನ ಮಗಳು ಈ ಹೊಗೆಗೆ ಊರು ಬಿಟ್ಟಿದ್ದಾಳೆ. ನನಗೆ ಮೀಥೇನ್ ಗೊತ್ತಿಲ್ಲ, ಅವಳ ಉಸಿರು ಗೊತ್ತು."

ಆಗ ಯಾರೂ ಎಣಿಸದ ಹಾಗೆ ಕಿಟ್ಟಣ್ಣ ಎದ್ದು ನಿಂತ. ಇನ್ಸ್‌ಪೆಕ್ಟರಿಗೆ ಹೆದರುವ ಕಿಟ್ಟಣ್ಣ ತನ್ನ ಹೋಟೆಲಿನ ಹೆಸರನ್ನು ತಾನೇ ಹೇಳಿದ.

"ನಮ್ಮ ಕಸವೂ ಅಲ್ಲಿಗೇ ಹೋಗುವುದು. ಎಂಜಲೆಲೆಯ ಜೊತೆ ಪಾರ್ಸೆಲ್ ಕವರೂ ಹಾಕ್ತಿದ್ದೆವು. ನಾಳೆಯಿಂದ ಬೇರೆ ಮಾಡ್ತೇವೆ. ಆದರೆ ನಾವು ಬೇರೆ ಮಾಡಿದ್ದನ್ನು ಲಾರಿಯವರು ಮತ್ತೆ ಒಂದೇ ರಾಶಿಗೆ ಸುರಿದರೆ ಎಂತ ಪ್ರಯೋಜನ? ಅದನ್ನೂ ಬರೆದುಕೊಳ್ಳಿ."

ಇಬ್ಬರು ಅಧಿಕಾರಿಗಳೂ ಬರೆದುಕೊಂಡರು. ಹೋಟೆಲಿಗೆ ವಾಪಸು ಬಂದ ಮೇಲೆ, ಮಂಟಪಕ್ಕೆ ಜೊತೆಗೇ ಬಂದಿದ್ದ ಪಾವನಾ ಅದೇ ಮಾತುಗಳನ್ನು ಟೈಪ್ ಮಾಡಿ, ಕಾಗದದಲ್ಲಿದ್ದ ಎರಡೂ ವಿಳಾಸಕ್ಕೆ ಕಳಿಸಿದಳು. ಗುಣವತಿ ಕೇಳಿದಳು, "ಅಂತೂ ಯಾರದ್ದು ನಡೆಯುತ್ತದೆ?" ಪಾವನಾ, "ಇನ್ನೂ ಗೊತ್ತಿಲ್ಲ ಅಕ್ಕ," ಎಂದಳು. ಕಿಟ್ಟಣ್ಣ ಅಷ್ಟರಲ್ಲಿ ಹಿತ್ತಿಲಲ್ಲಿ ಎರಡನೇ ಡ್ರಮ್ಮಿಗೆ ಜಾಗ ಮಾಡುತ್ತಿದ್ದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಯಮ ಇನ್ನೂ ಕರಡಿನಲ್ಲಿದೆ, ವೀಕ್ಷಾ ಇನ್ನೂ ಕಾಪುವಿನಲ್ಲಿದ್ದಾಳೆ. ನಿಮ್ಮ ಊರಿಗೂ ಇಂಥ ಕಾಗದ ಬಂದರೆ ಮಡಚಿ ಬದಿಗಿಡಬೇಡಿ. ಓದಿಸಿಕೊಳ್ಳಿ. ಕೊನೆಯ ದಿನ ಯಾವುದೆಂದು ನೋಡಿ. ಕೇಂದ್ರ, ರಾಜ್ಯ ಇಬ್ಬರೂ ಕೇಳಿದ್ದರೆ ಇಬ್ಬರಿಗೂ ಹೇಳಿ. ದೊಡ್ಡ ಮಾತು ಬೇಡ, ನಿಮ್ಮ ಬೀದಿಯಲ್ಲಿ ನಡೆಯುವುದನ್ನು ಬರೆದರೆ ಸಾಕು. ಓದಿ ಏನೂ ಅರ್ಥವಾಗಲಿಲ್ಲವೇ? ಅರ್ಥವಾಗಲಿಲ್ಲ ಎಂದೇ ಬರೆಯಿರಿ. ಜನರಿಗೆ ತಿಳಿಯದ ನಿಯಮವನ್ನು ತಿಳಿಯುವ ಹಾಗೆ ತಿದ್ದಿಸುವುದೂ ನಮ್ಮದೇ ಹಕ್ಕು.