ತೊಗಟೆಯಡಿಯ ತೆನೆ

ಕರ್ ಕರ್ ಕರ್, ಮತ್ತೆ ಅದೇ, ಎದುರಿಗೆ ಬಿದ್ದ ಮರದ ತುಂಡಿನ ಹೊಟ್ಟೆಯೊಳಗೆ ಯಾರೋ ಹಲ್ಲು ಮಸೆದಂತೆ, ಅಥವಾ ತನ್ನ ಹಲ್ಲೇ ಇರಬಹುದೆಂದು ಅಮಾತೆಪ್ಪ ದವಡೆ ಸಡಿಲಿಸಿ ನೋಡಿದ, ಸದ್ದು ನಿಲ್ಲಲಿಲ್ಲ — ಗುಡೂರಿನ ಈ ಅಂಗಳದ ಮೇಲೆ ಭಾದ್ರಪದದ ಬಿಸಿಲು, ಒಳಗೆ ಮಗ್ಗದ ಕುಣಿಯ ಪಕ್ಕದಲ್ಲಿ ಹೆಂಡತಿ ರೇಣವ್ವನ ನಗು, ಅವಳೊಡನೆ ಇಳಕಲ್ಲಿನ ಬಡಿಗ ಜಹಾಂಗೀರ, ಬರ್ರಿ ಜಾಂಗೀರಣ್ಣ, ನೀವಾರ ನೋಡಿ ಹೇಳ್ರಿ, ಎಂದು ಅವಳೇ ಹೇಳಿಕಳಿಸಿದ್ದಳು, ತಾನೂ ಬಡಿಗನೇ ಆಗಿರುವಾಗ, ತಾನೇ ಕೆತ್ತಿ ಕೂರಿಸಿದ ಮಗ್ಗವನ್ನು ನೋಡಲು! ಅಣ್ಣನಂತೆ, ಅಣ್ಣ. ಪ್ಲೇಗು ಇಳಿದ ಮರುವರ್ಷ ಮದುವೆಯಾಗಿ ಮೊದಲ ಸಲ ಅವಳ ತವರು ಇಳಕಲ್ಲಿಗೆ ಹೋದಾಗ ಅವಳು ತಾಯಿಯ ಮಗ್ಗದ ದಿಮ್ಮಿಯ ಮೇಲೆ ಅಂಗೈ ಎಳೆಯುತ್ತ, ಇದು ಜಾಂಗೀರಣ್ಣ ಮಾಡಿದ್ದು, ಕೈ ಅಂದ್ರ ಇದ ಕೈ ನೋಡ್ರಿ, ಎಂದದ್ದು, ಆ ಅಂಗೈ ಅಷ್ಟು ನಿಧಾನವಾಗಿ, ದನದ ಬೆನ್ನು ಸವರುವಂತೆ — ಮೂರು ವರ್ಷದಲ್ಲಿ ಅಮಾತೆಪ್ಪನೂ ಅವಳಿಗೆ ಪೆಟ್ಟಿಗೆ ಮಾಡಿಕೊಟ್ಟ, ಲಟ್ಟಣಿಗೆ ಮಾಡಿಕೊಟ್ಟ, ಮಣೆ ಮಾಡಿಕೊಟ್ಟ, ಎಲ್ಲವನ್ನೂ ಬಳಸಿದಳು, ಯಾವುದನ್ನೂ ಸವರಲಿಲ್ಲ.

ಅದಕ್ಕೇ ಮಗ್ಗ, ಅದಕ್ಕೇ ಮಹಾಕೂಟದಾಚೆಯ ಗುಡ್ಡದ ದಿಂಡಲ ಮರ, ವೈಶಾಖದಲ್ಲಿ ಹಗ್ಗ ಸುತ್ತಿ ಅಳೆಯುತ್ತಿರುವಾಗ ಅಲ್ಲಿಯೂ ಆ ಜಹಾಂಗೀರನೇ, ಹೆಗಲ ಮೇಲೆ ಕೊಡಲಿ, ಬಾಯಲ್ಲಿ ಎಲೆಯಡಿಕೆ, ಈಗ ಮುಟ್ಟಬ್ಯಾಡಲೇ ಅಮಾತೆಪ್ಪ, ಮಾಘದಾಗ ಎಲಿ ಉದುರಿ ನಿಂತಾಗ ಕಡಿಬೇಕು, ಆವಾಗ ಮರಕ್ಕೂ ನಿದ್ದಿ ಹುಳಕ್ಕೂ ನಿದ್ದಿ, ಹುಳಾ ಏಳೂದ್ರಾಗ ಮರಾ ಒಣಗಿರ್ತೈತಿ, ಈಗ ನೋಡು, ಚಿಗರೈತಿ, ತೊಗಟ್ಯಾಗ ರಸ ತುಂಬೈತಿ, ಕಡದ್ರ ಆ ವಾಸನಿಗೆ ಹುಳಾ ಬಂದು ಒಳಗ ತತ್ತಿ ಇಡ್ತಾವು, ಅವುಗಳ ಬಾಣಂತನಾ ನೀ ಮಾಡ್ತೀಯೇನ? ಎಂದು ನಕ್ಕಿದ್ದ. ಆ ನಗು. ಖರೆ ಹೇಳುತ್ತಿದ್ದಾನೆಂದು ಕೈಗೆ ಗೊತ್ತಿತ್ತು, ಎದೆ ಒಪ್ಪಲಿಲ್ಲ, ಒಂಬತ್ತು ತಿಂಗಳು ಕಾಯಿಸಿ ಅಷ್ಟರಲ್ಲಿ ತನ್ನದೇ ಮಗ್ಗವನ್ನು ನನ್ನ ಮನೆಯೊಳಗೆ ತಂದಿಡುವ ಹಂಚಿಕೆ ಇವನದು, ಇಲ್ಲದಿದ್ದರೆ ಅಷ್ಟು ಅಕ್ಕರೆ ಏಕೆ — ಅವನು ಗುಡ್ಡ ಇಳಿದು ಮರೆಯಾಗುವ ಮೊದಲೇ ಅಮಾತೆಪ್ಪ ಕೊಡಲಿ ಬೀಸಿದ, ಹಸಿ ತೊಗಟೆಯ ಸಿಹಿ ವಾಸನೆ ಮುಖಕ್ಕೆ ಬಡಿಯಿತು, ಮನೆಗೆ ಬಂದು ರೇಣವ್ವನಿಗೆ, ಮಾಘದಾಗ ಕಡದಿಟ್ಟದ್ದು, ನಿನ್ನಾಣಿ, ಎಂದ.

ಮತ್ತು ಮೊನ್ನೆ ಮುಂಜಾನೆ ದಿಮ್ಮಿಯ ತೂತುಗಳಿಂದ ಹಿಟ್ಟಿನಂಥ ಪುಡಿ, ಅವಳು ಆಗತಾನೇ ನೇಯ್ದ ಕೆಂಪು ಸೆರಗಿನ ಬಿಳಿ ಗೆರೆಗಳ ತೆನೆ ಚಿತ್ತಾರದ ಮೇಲೆ. ಅವರು ಹೊರಗೆ ಬರುವುದರೊಳಗೆ ಮಗ್ಗಕ್ಕೆ ಬಳಸಿ ಉಳಿದ ಈ ತುಂಡಿನ ತೊಗಟೆಯನ್ನೆಲ್ಲ ಸುಲಿದು ಒಲೆಗೆ ಹಾಕಬೇಕು, ಬೇಗ, ಉಳಿ ಎಲ್ಲಿ, ಇಲ್ಲೇ ಇದೆ, ಒಂದು ಪಟ್ಟಿ ಎದ್ದು ನೆಲಕ್ಕೆ ಬಿತ್ತು — ತಡವಾಯಿತು, ಹೊಸ್ತಿಲಲ್ಲಿ ಜಹಾಂಗೀರ, ತುಂಡನ್ನು ನೋಡಿದ, ಅಮಾತೆಪ್ಪನ ಮುಖ ನೋಡಿದ, ಎಲ್ಲ ಓದಿಕೊಂಡ, ನೆಲ ನೋಡುತ್ತ ಹೇಳಿದ, ಮರಾ ಅಂದಮ್ಯಾಲ ಹುಳಾ ಬೀಳತಾವ ತಂಗಿ, ನನ್ನವಕ್ಕೂ ಬಿದ್ದಾವು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಮುಚ್ಚಿಹಾಕುವಿಕೆಯಲ್ಲೂ ಅವನ ಕೈ ಎಷ್ಟು ನಯ! ಆದರೆ ರೇಣವ್ವ ಬಗ್ಗಿದ್ದಾಳೆ, ತುಂಡಿನ ಟೊಂಗೆಯಲ್ಲಿ ಒಣಗಿ ಅಂಟಿದ್ದ ಎಳೆಯೆಲೆಯನ್ನು ಬೆರಳಲ್ಲಿ ಹಿಡಿದಿದ್ದಾಳೆ, ಮಾಘದಾಗ ಕಡದ ಮರಕ್ಕ ಚಿಗರ ಎಲ್ಲಿಂದ ಬಂತ್ರಿ? ಎಂದು ಗಂಡನನ್ನು ಕೇಳಿದವಳೇ ಹೊಸ್ತಿಲತ್ತ ತಿರುಗಿ, ಜಾಂಗೀರಣ್ಣ, ನಿಮ್ಮಲ್ಲಿ ಮಾಘದ ದಿಮ್ಮಿ ಇದ್ರ ಒಂದು ಕಳಸ್ರಿ, ಎಂದಳು, ಸಿಟ್ಟಿಲ್ಲದೆ, ಆಮೇಲೆ ನೆಲಕ್ಕೆ ಬಿದ್ದ ತೊಗಟೆಯನ್ನೆತ್ತಿ ಬಿಸಿಲಿಗೆ ಹೊರಳಿಸಿದಳು — ಒಳಮೈಯಲ್ಲಿ ತಾಯಿಹುಳು ಕೊರೆದ ನೆಟ್ಟನೆಯ ಒಂದು ಗೆರೆ, ಅದರ ಎರಡೂ ಬದಿಗೆ ಮರಿಹುಳುಗಳು ಕೊರೆದ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ಒಂದನ್ನೊಂದು ಎಲ್ಲಿಯೂ ದಾಟದೆ, ಅವಳ ಸೆರಗಿನ ತೆನೆಗಳಂತೆಯೇ — ಅಯ್ಯ, ಕೈ ಅಂದ್ರ ಇದ ಕೈ ನೋಡ್ರಿ, ಎಂದಳು, ಅದೇ ದನಿಯಲ್ಲಿ, ಮತ್ತು ಅಂಗೈ, ಅಷ್ಟು ನಿಧಾನವಾಗಿ, ಹುಳು ಕೊರೆದ ಗೆರೆಗಳ ಮೇಲೆ, ಅಂಗೈ, ನಡುವಿನ ಗೆರೆಯ ಮೇಲೆ, ಬದಿಯ ಗೆರೆಗಳ ಮೇಲೆ, ಅಂಗೈ