ಆ ಕಡೆ ಹೋದವನ ಹೆಸರು

"ಸ್ಥಾಪಕನೇ ಆ ಕಡೆ ಹೋದ ಅಂತ ಪುಸ್ತಕದಲ್ಲಿ ಹಾಕಿದ್ರೆ ನಮ್ಮ ಮರ್ಯಾದೆ ಎಂತ ಉಳೀತದೆ, ಎಲ್ಸಿ ಆಂಟಿ? ‘ಕೆಲವು ಹಿರಿಯರು ಸೇರಿ ಪ್ರಾರ್ಥನೆ ಆರಂಭಿಸಿದರು’ ಅಂತ ಬರೀರಿ. ಖಲಾಸ್!"

ಕ್ಲೈವ್‌ನ ದನಿ ಫೋನಿನಿಂದ ಹೊರಬಿದ್ದು ಟ್ಯಾಕ್ಸಿಯ ಡ್ರೈವರನಿಗೂ ಕೇಳುತ್ತಿತ್ತು. ಅವನು ಸಭೆಯ ಈಗಿನ ಕಾರ್ಯದರ್ಶಿ. ಒಳ್ಳೆಯ ಹುಡುಗನೇ, ಆದರೆ ಎಲ್ಲದಕ್ಕೂ ಅವಸರ.

"ಹಿರಿಯರಾ? ಆಗ ನಮ್ಮಲ್ಲಿ ಹಿರಿಯಳು ಅಂದ್ರೆ ನಾನೇ. ಮೂವತ್ತನಾಲ್ಕು ವರ್ಷ ನನಗೆ," ಎಂದಳು ಎಲ್ಸಿ.

"ಮೂರು ಗಂಟೆಗೆ ಫೈಲು ಪ್ರೆಸ್ಸಿಗೆ ಹೋಗ್ಬೇಕು ಆಂಟಿ."

"ಹೋಗ್ತದೆ ಮಾರಾಯ. ಈಗ ಫೋನ್ ಇಡು."

ಫೋನ್ ಇಟ್ಟ ಮೇಲೂ ಅವಳ ಕೈ ಸುಮ್ಮನಿರಲಿಲ್ಲ. ಬ್ಯಾಗಿನ ಜಿಪ್ ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು. ತಾನಿರುವ ಬನಿಯಾಸಿನಿಂದ ಬೆಳಿಗ್ಗೆ ದುಬೈಗೆ ಬಸ್ಸು ಹಿಡಿದಾಗಿನಿಂದ ಇದೇ ನಡೆದಿತ್ತು.

ಕರಾವಳಿಯ ಕನ್ನಡ ಪ್ರೊಟೆಸ್ಟಂಟರ ಎಮಿರೇಟ್ಸ್ ವಲಯಕ್ಕೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುವ ಕೆಲಸ ಎಲ್ಸಿಯ ಪಾಲಿಗೆ ಬಂದಿತ್ತು. ಊರಿನಲ್ಲಿ ಸುತ್ತಲೂ ಕ್ಯಾಥಲಿಕರ ಇಗರ್ಜಿಗಳು, ನಡುವೆ ಇವರದೊಂದು ಮಿಷನ್ ಕಾಂಪೌಂಡು. ಇಲ್ಲಿಗೆ ಬಂದರೂ ಅದೇ ಕತೆ. ಅವರ ಕೊಂಕಣಿ ಪೂಜೆಗೆ ಜನ ಅಂಗಳದವರೆಗೆ ನಿಂತಿರುತ್ತಾರೆ. ಪಕ್ಕದ ಗೇಟಿನೊಳಗೆ ಇವರಿಗೊಂದು ಹಾಲ್, ಅದೂ ಮಲಯಾಳದವರು ಎದ್ದು ತಮಿಳರು ಬರುವುದರೊಳಗಿನ ಒಂದೂವರೆ ಗಂಟೆ. ಇಷ್ಟೇ ಇಷ್ಟು ಜನ ಇರುವಾಗ ಯಾರು ನಮ್ಮವರು, ಯಾರು ಜಾರಿದರು ಎಂಬುದರ ಮೇಲೆ ಎಲ್ಲರಿಗೂ ಕಣ್ಣು. ಸಭೆಯ ದಾಖಲೆ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಕರ್ತನ ಭೋಜನದ ರೊಟ್ಟಿ.

ಆ ಪುಸ್ತಕದಲ್ಲಿ ಹತ್ತೊಂಬತ್ತು ವರ್ಷದ ಹಿಂದೆ ಸ್ಥಾಪಕ ಲಿಯೊನೆಲ್‌ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ‘ಆ ಕಡೆ ಹೋದರು’, ಅಂದರೆ ಕ್ಯಾಥಲಿಕರಾದರು, ಎಂದು ಬರೆದವಳು ಆಗಿನ ಕಾರ್ಯದರ್ಶಿ ಎಲ್ಸಿಯೇ. ಮುಂದಿನ ತಿಂಗಳು ಅವಳ ಆಸ್ಪತ್ರೆಯ ಕೆಲಸ ಮುಗಿದು ವೀಸಾ ಕ್ಯಾನ್ಸಲ್ ಆಗುತ್ತದೆ. ಹೋಗುವ ಮೊದಲು ಅವನ ಹೆಸರನ್ನು ಚರಿತ್ರೆಯೊಳಗೆ ಕೂರಿಸಿಯೇ ಹೋಗಬೇಕು ಎಂಬ ಹಟ ಅವಳಿಗೆ ಎಲ್ಲಿಂದ ಬಂತೋ!

ಅಲ್ ಕೂಜಿನ ಟೈಲ್ಸ್ ಗೋದಾಮಿನಲ್ಲಿ ಲಿಯೊನೆಲ್ ಈಗ ಸೂಪರ್‌ವೈಸರ್. ತಲೆ ಪೂರ್ತಿ ನೆರೆತಿತ್ತು. ಎಲ್ಸಿಯನ್ನು ಕಂಡವನೇ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಎಲ್ಸಿಯಕ್ಕ! ಬನ್ನಿ ಬನ್ನಿ, ದಪ್ಪ ಆಗಿದ್ದೀರಿ."

"ನಿನ್ನ ಬಾಯಿ ಮಾತ್ರ ಹಾಗೇ ಉಂಟು. ಮೊದಲ ಪ್ರಾರ್ಥನೆ ಯಾವತ್ತು ಮಾಡಿದ್ದು ಹೇಳು. ನಂಗೆ ಕೂರ್ಲಿಕ್ಕೆ ಪುರುಸೊತ್ತಿಲ್ಲ."

"ಕ್ರಿಸ್ಮಸ್ ಆದ ಮೇಲಿನ ಶುಕ್ರವಾರ," ಎಂದ, ನಿನ್ನೆಯದನ್ನು ಹೇಳುವಂತೆ. "ಇಲ್ಲೇ ಹಿಂದಿನ ರಸ್ತೆಯ ನನ್ನ ರೂಮಲ್ಲಿ. ಹನ್ನೊಂದು ಜನ. ಕುರ್ಚಿ ಎಲ್ಲಿತ್ತು? ನಾಲ್ಕು ಜನ ಮೇಲಿನ ಮಂಚದಲ್ಲಿ ಕಾಲು ಇಳಿಬಿಟ್ಟು ಕೂತು ಹಾಡಿದ್ದು. ನಮ್ಮ ರಾಗ ಕೇಳಿ ಪಕ್ಕದ ರೂಮಿನ ಪಠಾಣ ಬಾಗಿಲು ಬಡಿದು, ಯಾರು ಸತ್ತದ್ದು ಅಂತ ವಿಚಾರಿಸಿದ!"

ಎಲ್ಸಿ ನಿಂತಲ್ಲೇ ಬರೆದುಕೊಂಡಳು. ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಕೇಳಬೇಕಾದದ್ದು ಇನ್ನೊಂದಿತ್ತು.

"ಆ ಕಡೆ ಹೋದದ್ದು ಯಾವ ವರ್ಷ? ಮದುವೆ ಆದ ಕೂಡಲೇನಾ?"

"ಯಾವ ಕಡೆ?"

"ಎಂತ ಯಾವ ಕಡೆ! ನಿನ್ನ ಹೆಂಡತಿ ಸ್ಟೇಸಿಯ ಕಡೆ. ನೀನು ಕ್ಯಾಥಲಿಕ್ ಆದದ್ದು."

"ನಾನು ಆಗ್ಲೇ ಇಲ್ವಲ್ಲ ಅಕ್ಕ."

ಎಲ್ಸಿಯ ಪೆನ್ನು ನಿಂತಿತು. "ಸುಳ್ಳು ಹೇಳ್ಬೇಡ. ವಾರ ವಾರ ನೀನು ಅವರ ಗೇಟಿನಿಂದ ಹೊರಗೆ ಬರೋದನ್ನು ನಾವೆಲ್ಲ ನೋಡಿದ್ದೇವೆ."

"ಸ್ಟೇಸಿಯನ್ನು ಪೂಜೆಗೆ ಬಿಟ್ಟು ನಮ್ಮ ಹಾಲಿಗೆ ಬರ್ತಿದ್ದೆ. ಅವಳು ಆಗ ಏಳು ತಿಂಗಳ ಬಸುರಿ. ಮತ್ತೆ, ಪಾರ್ಕಿಂಗ್ ಇದ್ದದ್ದು ಅವರ ಕಡೆ ಅಲ್ವಾ? ನೀವೆಲ್ಲ ಎಲ್ಲಿ ನಿಲ್ಲಿಸ್ತಿದ್ರಿ?"

ಎಲ್ಲಿ ನಿಲ್ಲಿಸುತ್ತಿದ್ದರು? ಅಲ್ಲೇ. ಎಲ್ಲರೂ ಅದೇ ಗೇಟಿನಿಂದಲೇ ನಡೆದು ಬರುತ್ತಿದ್ದರು. ಆದರೆ ಕ್ಯಾಥಲಿಕ್ ಹುಡುಗಿಯನ್ನು ಕಟ್ಟಿಕೊಂಡವನು ಬಂದಾಗ ಮಾತ್ರ ಅದು ಅವರ ಗೇಟಾಗಿ ಕಂಡಿತ್ತು.

"ಒಂದು ಮಾತು ಕೇಳ್ಲಿಕ್ಕೆ ಏನಾಗಿತ್ತು ನಿಂಗೆ?"

"ಭೋಜನದ ದಿವಸ ಪಟ್ಟಿ ಓದಿದ್ರು, ನನ್ನ ಹೆಸರಿರ್ಲಿಲ್ಲ. ಆಮೇಲೆ ಪುಸ್ತಕ ನೋಡಿದೆ. ಅಕ್ಷರ ನಿಮ್ಮದು ಅಂತ ಗೊತ್ತಾಯ್ತು. ಕೇಳ್ಬೇಕು ಅಂತಿತ್ತು. ಅಷ್ಟರಲ್ಲಿ ಸಿಟ್ಟು ಬಂತು. ಸಿಟ್ಟು ಇಳಿಯುವಾಗ ಮಕ್ಕಳು ಶಾಲೆಗೆ ಹೋಗ್ತಿದ್ರು." ಅವನು ನಕ್ಕ. "ಅವರ ಪೂಜೆಯಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ತೇನೆ. ಪ್ರಸಾದಕ್ಕೆ ಏಳುವ ಹಾಗಿಲ್ಲ, ನಾನು ಅವರವ ಅಲ್ಲ. ಇಲ್ಲಿ ನೀವು ಕೊಡುವುದಿಲ್ಲ. ಎರಡೂ ಕಡೆ ವೀಸಾ ಇಲ್ಲದವ ಇಡೀ ದುಬೈಯಲ್ಲಿ ನಾನೊಬ್ಬನೇ ಇರ್ಬೇಕು!"

ಹತ್ತೊಂಬತ್ತು ವರ್ಷ. ಎಲ್ಸಿ ಈಗ ಕೂತಳು. ಕೂತದ್ದು ಟೈಲ್ಸಿನ ಪೆಟ್ಟಿಗೆಯ ಮೇಲೆ ಎಂಬುದೂ ಗಮನಕ್ಕೆ ಬರಲಿಲ್ಲ.

"ಹೆಸರು ಬೇಡ ಅಕ್ಕ," ಎಂದ ಲಿಯೊನೆಲ್ ಮೆಲ್ಲಗೆ. "ನನ್ನ ಹೆಸರು ಬಂದ್ರೆ, ಅದಕ್ಕೆ ಗೆರೆ ಎಳೆದದ್ದು ಯಾರು ಅಂತ ಕೇಳ್ತಾರೆ. ನಿಮಗೆ ಶಾಲು ಹೊದಿಸಿ ಕಳಿಸ್ಲಿಕ್ಕೆ ಉಂಟಂತೆ. ಚಂದ ಮಾಡಿ ಹೋಗಿ."

ಸುಳ್ಳೇಕೆ, ಒಂದು ಗಳಿಗೆ ಅವಳಿಗೂ ಆಸೆಯಾಯಿತು. ‘ಕೆಲವು ಹಿರಿಯರು’ ಎಂಬ ಎರಡು ಪದ. ಯಾರಿಗೂ ನೋವಿಲ್ಲ. ಶಾಲು ಹೊದ್ದು, ಫೋಟೊ ತೆಗೆಸಿಕೊಂಡು, ವಿಮಾನ ಹತ್ತಿದರೆ ಆಯಿತು. ಗಡಿಯಾರ ನೋಡಿದಳು, ಎರಡೂ ಕಾಲು. ಎದ್ದಳು, ಮತ್ತೆ ಕೂತಳು. ಆಮೇಲೆ ಫೋನ್ ತೆಗೆದು ಹೆಬ್ಬೆರಳಿನಲ್ಲಿ ಟೈಪ್ ಮಾಡತೊಡಗಿದಳು. ಕೊನೆಯ ಸಾಲು ಮುಗಿದ ಕೂಡಲೇ ಕ್ಲೈವ್‌ಗೆ ಕರೆ ಮಾಡಿ, ಅವನು ಹಲೋ ಎನ್ನುವ ಮೊದಲೇ ಓದಿದಳು.

"‘ಮೊದಲ ಪ್ರಾರ್ಥನೆ ಲಿಯೊನೆಲ್ ಅವರ ಕೋಣೆಯಲ್ಲಿ ನಡೆಯಿತು. ಆರು ವರ್ಷಗಳ ನಂತರ ಅವರು ಮತ ಬದಲಿಸಿದರೆಂದು ತಪ್ಪಾಗಿ ತಿಳಿದು, ಒಂದು ಮಾತೂ ಕೇಳದೆ, ಅವರ ಹೆಸರನ್ನು ಅಂದಿನ ಕಾರ್ಯದರ್ಶಿ ಎಲ್ಸಿ ತೆಗೆದುಹಾಕಿದರು. ಅವರು ಇಂದಿಗೂ ನಮ್ಮ ಸಭೆಯವರೇ.’ ಬರ್ಕೊಂಡಿಯಾ?"

ಕ್ಲೈವ್ ಅದನ್ನು ಇನ್ನೊಮ್ಮೆ ಓದಿಸಿಕೊಂಡ.

"ಆಂಟಿ, ಕಮಿಟಿಗೆ ನಾನೆಂತ ಹೇಳಲಿ? ನಿಮ್ಮ ಹೆಸರೇ ಹಾಳಾಗ್ತದಲ್ಲ?"

"ಆಗ್ಲಿ. ಅದೂ ಚರಿತ್ರೆಯೇ. ಬೇಡ ಅನ್ನುವವರು ನನ್ನ ಹತ್ರ ಬಂದು ಹೇಳ್ಲಿ."

"ಹಾಕ್ತೇನೆ ಅಂತ ಮಾತು ಕೊಡುವುದಿಲ್ಲ ನಾನು."

"ಹಾಕದಿದ್ರೆ ಶಾಲು ಹೊದಿಸುವ ದಿವಸ ಮೈಕ್ ನನ್ನ ಕೈಯಲ್ಲೇ ಇರ್ತದೆ, ನೆನಪಿರ್ಲಿ," ಎಂದು ಎಲ್ಸಿ ಕಳಿಸುವ ಗುಂಡಿ ಒತ್ತಿದಳು.

ಲಿಯೊನೆಲ್ ಹೆಲ್ಮೆಟ್ ತಲೆಗೆ ಹಾಕಿಕೊಂಡು ಹೊರಗೆ ನಡೆದ. ಟೈಲ್ಸ್ ತುಂಬಿದ ಲಾರಿಯೊಂದು ಹಿಮ್ಮುಖವಾಗಿ ಗೋದಾಮಿನೊಳಕ್ಕೆ ಬರುತ್ತಿತ್ತು. ಅವನು ಹಿಂದೆ ನಿಂತು ಕೈ ಎತ್ತಿ, "ಆನೇ ದೋ, ಆನೇ ದೋ," ಎಂದು ಕೂಗಲು ಶುರುಮಾಡಿದ. ಮೂರನೆಯ ಸಲಕ್ಕೆ ದನಿ ಹೊರಡಲಿಲ್ಲ. ಡ್ರೈವರ್ ಬ್ರೇಕ್ ಒತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದ.